ವರ್ತಕರ ಸಂಘದ ಚರಿತ್ರೆಯಿಂದ ನಾವು ಕಲಿಯಬೇಕಾದ್ದು

(ವಡಾಲದಲ್ಲಿ ಸೇರಿದ್ದ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಸಭೆಗೆ ವರ್ತಕರ ಸಂಘಗಳ ಚರಿತ್ರೆಯನ್ನು ಆರಿಸಿಕೊಂಡಿದ್ದೇವೆಂದು ಕೇಳಿ ನಮ್ಮವರಲ್ಲೇ ಕೆಲವರು ನಕ್ಕರು. "ಮೋರಿಯಲ್ಲಿ ಕಪ್ಪುಬಸಿ ತೊಳೆಯುವವನಿಗೆ ಸಾಹುಕಾರರ ಪುರಾಣ ಏತಕ್ಕೆ ಮಾರಾಯ್ರೆ?" ಎಂದು ಒಬ್ಬರು ಕೇಳಿಯೂ ಬಿಟ್ಟರು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ನಾವು ಇನ್ನೊಂದು ಪ್ರಶ್ನೆಯನ್ನೇ ಉತ್ತರವಾಗಿ ಕೊಟ್ಟೆವು. ಹಣವಿದ್ದವನಿಗೆ, ಗೋದಾಮು ಇದ್ದವನಿಗೆ, ವಕೀಲರನ್ನು ಇಟ್ಟುಕೊಳ್ಳುವ ಶಕ್ತಿಯಿದ್ದವನಿಗೆ ಸಂಘ ಏತಕ್ಕೆ ಬೇಕಾಯಿತು? ಅಷ್ಟೆಲ್ಲ ಇದ್ದವನೇ ಒಂಟಿಯಾಗಿ ನಿಲ್ಲಲಾರೆನೆಂದು ಸಂಘ ಕಟ್ಟಿದ ಮೇಲೆ, ತಿಂಗಳ ಪಗಾರವೊಂದನ್ನೇ ನಂಬಿದ ನಾವು ಒಂಟಿಯಾಗಿ ನಿಲ್ಲುತ್ತೇವೆಂಬುದು ಯಾವ ಲೆಕ್ಕ?

ನಾವು ಓದಿದ್ದು ಏಳನೆಯ ಇಯತ್ತೆಯವರೆಗೆ. ಪಂಡಿತರ ಮಾತು ನಮಗೆ ಬಾರದು. ಓದಿ, ಕೇಳಿ ತಿಳಿದದ್ದನ್ನು ಇದ್ದ ಹಾಗೆ ನಿಮ್ಮ ಮುಂದೆ ಇಡುತ್ತೇವೆ.

ಮೊದಲು ಈ ಊರಿನಿಂದಲೇ ಹೊರಡೋಣ. ಈಸ್ಟ್ ಇಂಡಿಯಾ ಕಂಪೆನಿಗೆ ಹಿಂದುಸ್ಥಾನದ ವ್ಯಾಪಾರದ ಮೇಲಿದ್ದ ಒಡೆತನ 1813ರಲ್ಲಿ ಹೋಯಿತು. ಚೀನಾದ ವ್ಯಾಪಾರದ ಮೇಲಿದ್ದದ್ದು 1833ರಲ್ಲಿ ಹೋಯಿತು. ಬೇರೆ ವರ್ತಕರಿಗೆ ಬಾಗಿಲು ತೆರೆಯಿತು. ಬಾಗಿಲು ತೆರೆದರೆ ಸಾಕೇ? ಸುಂಕ ಎಷ್ಟು, ಹಡಗಿನ ಬಾಡಿಗೆ ಎಷ್ಟು, ಹತ್ತಿಯಲ್ಲಿ ಕಸ ಸೇರಿಸಿದರೆ ದೂರು ಯಾರಿಗೆ ಎಂಬ ನೂರು ತಂಟೆಗಳು ಎದ್ದವು. ಒಬ್ಬೊಬ್ಬರೇ ಅರ್ಜಿ ಹಿಡಿದು ಓಡಾಡಿದರೆ ಸರಕಾರ ಕೇಳಲಾರದೆಂದು 1836ರ ಸೆಪ್ಟೆಂಬರ್ 22ರಂದು ಮುಂಬಯಿಯ ವರ್ತಕರು ಸೇರಿ ಬಾಂಬೇ ಚೇಂಬರ್ ಆಫ್ ಕಾಮರ್ಸ್ ಕಟ್ಟಿದರು. ಹೆಚ್ಚಿನವರು ಇಂಗ್ಲಿಷ್ ವರ್ತಕರು, ಜೊತೆಗೆ ಈ ದೇಶದ ಕೆಲವರೂ ಇದ್ದರು. ಅದೇ ವರ್ಷ ಮದ್ರಾಸಿನಲ್ಲೂ ಅಂಥ ಒಂದು ಚೇಂಬರು ಹುಟ್ಟಿತು. ನೆನಪಿಡಿ, ಆಗ ಈ ಊರಿಗೆ ರೈಲು ಬಂದಿರಲಿಲ್ಲ. ಅದು ಬಂದದ್ದು 1853ರಲ್ಲಿ. ಗಿರಣಿಯ ಚಿಮಣಿ ಒಂದೂ ಎದ್ದಿರಲಿಲ್ಲ. ಕಾವಸಜಿ ದಾವರರ ಗಿರಣಿ ನೂಲು ತೆಗೆಯತೊಡಗಿದ್ದು 1856ರಲ್ಲಿ. ಅಂದರೆ ಗಿರಣಿಗಿಂತ ಮೊದಲು ಸಂಘ, ರೈಲಿಗಿಂತ ಮೊದಲು ಸಂಘ.

ಈ ಚೇಂಬರು ಮಾಡಿದ್ದೇನು? ಭಾಷಣವಲ್ಲ. ಅದು ಎಣಿಸಿತು, ಅಳೆಯಿತು, ಬರೆದಿಟ್ಟಿತು. ಬಂದರಿಗೆ ಎಷ್ಟು ಮಾಲು ಬಂತು, ಎಷ್ಟು ಹೋಯಿತು ಎಂಬುದರ ಪಟ್ಟಿಯನ್ನು ಅಚ್ಚು ಹಾಕಿಸಿ ಹಂಚಿತು. ಹಡಗಿಗೆ ಏರುವ ಹತ್ತಿಯ ಮೂಟೆಗಳನ್ನು ಅಳೆಯಲು ತನ್ನದೇ ಜನರನ್ನು ಗೋದಿಯಲ್ಲಿ ನಿಲ್ಲಿಸಿತು. ಅವರು ಬರೆದುಕೊಟ್ಟ ಅಳತೆಯ ಚೀಟಿಯನ್ನು ಹಡಗಿನವನೂ ಒಪ್ಪುತ್ತಿದ್ದ, ವರ್ತಕನೂ ಒಪ್ಪುತ್ತಿದ್ದ. ಮೂಟೆ ಹೊತ್ತವನು ಹಮಾಲ, ಆದರೆ ಮೂಟೆಯ ಲೆಕ್ಕ ಚೇಂಬರಿನ ಕೈಯಲ್ಲಿ. ಲೆಕ್ಕ ಯಾರ ಕೈಯಲ್ಲಿದೆಯೋ ಮಾತು ಅವರದೇ ನಡೆಯುತ್ತದೆ ಎಂಬುದನ್ನು ಅವರು ಆಗಲೇ ತಿಳಿದಿದ್ದರು.

1873ರಲ್ಲಿ ಬಾಂಬೇ ಪೋರ್ಟ್ ಟ್ರಸ್ಟು ಆಯಿತು. ಮುಂದೆ ಅದರ ಮಂಡಳಿಗೆ ಚೇಂಬರು ತನ್ನವರನ್ನು ಆರಿಸಿ ಕಳುಹಿಸುವ ಹಕ್ಕು ಪಡೆಯಿತು. ಇದಕ್ಕೂ ನಮ್ಮ ವಡಾಲಕ್ಕೂ ಏನು ಸಂಬಂಧ ಎನ್ನುವಿರೋ? 1915ರಲ್ಲಿ ಬಲಾರ್ಡ್ ಪಿಯರಿನಿಂದ ಈ ವಡಾಲದವರೆಗೆ ಪೋರ್ಟ್ ಟ್ರಸ್ಟಿನ ರೈಲು ಓಡತೊಡಗಿತು. ಗೋದಿಯ ಮಾಲು ದೊಡ್ಡ ರೈಲುಗಳಿಗೆ ಸೇರುವ ಜಾಗ ಇದೇ ಆಯಿತು. ಉಪ್ಪಿನ ಆಗರಗಳಿದ್ದ ಈ ಕಡೆಗೆ ಯಾರ್ಡು ಬಂತು, ಗೋದಾಮು ಬಂತು, ದುಡಿಯುವ ಜನ ಬಂದರು. ಜನ ಬಂದಲ್ಲಿಗೆ ಚಹದ ಹೋಟೆಲು ಬಂತು, ಹೋಟೆಲಿನ ಹಿಂದೆ ನಮ್ಮ ಊರಿನ ಹುಡುಗರು ಬಂದರು. ಮಾಲು ಯಾವ ದಾರಿಯಲ್ಲಿ ಹೋಗಬೇಕೆಂದು ನಿರ್ಣಯಿಸುವ ಮಂಡಳಿಯಲ್ಲಿ ವರ್ತಕರ ಪ್ರತಿನಿಧಿಗೆ ಕುರ್ಚಿಯಿತ್ತು. ಬಂದರಿನ ಕೆಲಸಗಾರರ ಪ್ರತಿನಿಧಿಗೆ ಇಂಥ ಮಂಡಳಿಗಳಲ್ಲಿ ಜಾಗ ಇರಲೇಬೇಕೆಂದು ದೇಶಕ್ಕೆಲ್ಲ ಅನ್ವಯಿಸುವ ಕಾಯಿದೆ ಹೇಳಿದ್ದು 1963ರಲ್ಲಿ.

ವರ್ತಕರಲ್ಲಿಯೂ ಮೇಲು ಕೀಳು ಇತ್ತು. ಇಂಗ್ಲಿಷರ ಕೈಯಲ್ಲಿದ್ದ ಚೇಂಬರಿನಲ್ಲಿ ತಮ್ಮ ಮಾತು ನಡೆಯದೆಂದು ಕಂಡ ಈ ದೇಶದ ವರ್ತಕರು ಸುಮ್ಮನೆ ಗೊಣಗುತ್ತ ಕೂಡಲಿಲ್ಲ. 1907ರಲ್ಲಿ ಮನಮೋಹನದಾಸ ರಾಮಜಿಯವರ ಮುಂದಾಳುತನದಲ್ಲಿ ಇಂಡಿಯನ್ ಮರ್ಚಂಟ್ಸ್ ಚೇಂಬರ್ ಕಟ್ಟಿದರು. 1927ರಲ್ಲಿ ವಾಲಚಂದ ಹೀರಾಚಂದರು ಮಹಾರಾಷ್ಟ್ರ ಚೇಂಬರ್ ಕಟ್ಟಿದರು. ಗಿರಣಿ ಮಾಲಿಕರಂತೂ 1875ರಷ್ಟು ಹಿಂದೆಯೇ ತಮ್ಮ ಸಂಘ ಮಾಡಿಕೊಂಡಿದ್ದರು.

ಈಗ ನಮ್ಮ ಕನ್ನಡ ಸೀಮೆಗೆ ಬರೋಣ. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆ. 1912ರಿಂದ 1918ರವರೆಗೆ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು. ದಿವಾನಗಿರಿಗೆ ಬರುವ ಮೊದಲೇ, 1911ರಲ್ಲಿ, ಅವರ ಸಲಹೆಯಂತೆ ಮೈಸೂರು ಆರ್ಥಿಕ ಸಮ್ಮೇಳನ ಆರಂಭವಾಗಿತ್ತು. ಬೇಸಾಯಕ್ಕೊಂದು, ಕೈಗಾರಿಕೆ ವ್ಯಾಪಾರಗಳಿಗೊಂದು, ವಿದ್ಯೆಗೊಂದು ಹೀಗೆ ಮೂರು ಸಮಿತಿಗಳು. 1913ರಲ್ಲಿ ಮೈಸೂರು ಬ್ಯಾಂಕು ಹುಟ್ಟಿತು. ಹಣಕ್ಕೆ ಬ್ಯಾಂಕಾಯಿತು, ಯೋಚನೆಗೆ ಸಮ್ಮೇಳನವಾಯಿತು. ಆದರೆ ವ್ಯಾಪಾರಿಗಳ ಕಷ್ಟವನ್ನು ವ್ಯಾಪಾರಿಗಳೇ ಕೂಡಿ ಹೇಳಲು ಒಂದು ಬಾಯಿ ಬೇಕಲ್ಲವೇ? 1916ರಲ್ಲಿ, ವಿಶ್ವೇಶ್ವರಯ್ಯನವರ ಪ್ರೇರಣೆಯಿಂದಲೇ, ಬೆಂಗಳೂರಿನಲ್ಲಿ ಮೈಸೂರು ಚೇಂಬರ್ ಆಫ್ ಕಾಮರ್ಸ್ ಸ್ಥಾಪನೆಯಾಯಿತು. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದೂ ಅದೇ ವರ್ಷ.

ಆ ಕಾಲವನ್ನು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಿ. ಯುರೋಪಿನಲ್ಲಿ ಮಹಾಯುದ್ಧ. ಮೈಸೂರಿನ ಶ್ರೀಗಂಧದ ಮರವನ್ನು ಕೊಂಡು ಎಣ್ಣೆ ತೆಗೆಯುತ್ತಿದ್ದವರು ಜರ್ಮನರು. ಯುದ್ಧದಿಂದ ಆ ದಾರಿ ಮುಚ್ಚಿತು. ಆಗ ಸಂಸ್ಥಾನವೇ 1916ರಲ್ಲಿ ಬೆಂಗಳೂರಿನಲ್ಲಿ, 1917ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ತೆರೆಯಿತು. ನಾವು ಮೈಗೆ ಹಚ್ಚುವ ಮೈಸೂರು ಸ್ಯಾಂಡಲ್ ಸಾಬೂನಿನ ಮೂಲ ಇದೇ. ಮಾಲು ಇದ್ದೂ ಮಾರುವ ದಾರಿ ತಪ್ಪಿದರೆ ಏನಾಗುವುದೆಂದು ಎಲ್ಲರೂ ಕಂಡ ವರ್ಷಗಳವು. ಅಂಥ ಸಮಯದಲ್ಲಿ ವರ್ತಕರು ಒಂದು ಚಾವಡಿಯಲ್ಲಿ ಕೂಡಿ ಕುಳಿತದ್ದು ಆಶ್ಚರ್ಯವಲ್ಲ.

ಸಂಸ್ಥಾನ ಹೋಯಿತು, ರಾಜ್ಯದ ಹೆಸರು 1973ರಲ್ಲಿ ಕರ್ನಾಟಕವಾಯಿತು. ಮೈಸೂರು ಬ್ಯಾಂಕು ಕೂಡ 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿಹೋಯಿತು. ಆದರೆ ಆ ಚೇಂಬರು ಮಾತ್ರ ಹೆಸರು ಬದಲಿಸಿಕೊಂಡು, ಕರ್ನಾಟಕದ ವಾಣಿಜ್ಯ ಸಂಸ್ಥೆಗಳ ಮಹಾಸಂಘವಾಗಿ, ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ ಇಂದಿಗೂ ಇದೆ. 2016ರಲ್ಲಿ ನೂರು ವರ್ಷ ತುಂಬಿಸಿತು.

ಹುಬ್ಬಳ್ಳಿಯ ಕಡೆಯ ಬಂಧುಗಳೂ ಇಲ್ಲಿದ್ದೀರಿ. ನಿಮ್ಮ ಸೀಮೆ 1956ರವರೆಗೆ ಈ ಮುಂಬಯಿ ಸರಕಾರಕ್ಕೆ ಸೇರಿತ್ತು. ಹತ್ತಿ ಬೆಳೆಯುವುದು ಅಲ್ಲಿ, ಹುಕುಮು ಹೊರಡುವುದು ಇಲ್ಲಿ. ಹುಬ್ಬಳ್ಳಿಯ ವರ್ತಕರು 1928ರಲ್ಲಿ ತಮ್ಮ ಚೇಂಬರಿಗೆ 'ಕರ್ನಾಟಕ' ಎಂಬ ಹೆಸರಿಟ್ಟರು. ಆಗ ನಕಾಶೆಯಲ್ಲಿ ಆ ಹೆಸರಿನ ರಾಜ್ಯವೇ ಇರಲಿಲ್ಲ! ಮಂಗಳೂರಿನವರು ಮದ್ರಾಸಿನ ಕೈಕೆಳಗೆ. ಹೆಂಚು, ಗೋಡಂಬಿ, ಕಾಫಿಯ ವ್ಯಾಪಾರ ಅವರದು. ಅವರ ಕೆನರಾ ಚೇಂಬರು ಆದದ್ದು 1940ರಲ್ಲಿ.

ಇಲ್ಲಿಯವರೆಗೆ ಧಣಿಗಳ ಕಥೆಯಾಯಿತು. ಈಗ ದುಡಿದವರ ಕಥೆ ಕೇಳಿ.

1884ರ ಸೆಪ್ಟೆಂಬರಿನಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಪರೇಲಿನಲ್ಲಿ ಗಿರಣಿ ಕೆಲಸಗಾರರ ಸಭೆ ಕೂಡಿಸಿದರು. ಕೇಳಿದ್ದೇನು? ಭಾನುವಾರ ರಜೆ ಬೇಕು, ಮಧ್ಯಾಹ್ನ ಅರ್ಧ ಗಂಟೆ ಬಿಡುವು ಬೇಕು, ಪಗಾರ ಮುಂದಿನ ತಿಂಗಳ ಹದಿನೈದರೊಳಗೆ ಕೈಗೆ ಬರಬೇಕು, ಯಂತ್ರಕ್ಕೆ ಸಿಕ್ಕಿ ಕೈಕಾಲು ಹೋದವನಿಗೆ ಪರಿಹಾರ ಬೇಕು. ಸುಮಾರು 5,500 ಜನ ಆ ಅರ್ಜಿಗೆ ಸಹಿ ಹಾಕಿದರು. 1890ರಲ್ಲಿ ಹತ್ತು ಸಾವಿರ ಜನರ ಸಭೆ ಸೇರಿತು. ಇಬ್ಬರು ಹೆಂಗಸರೂ ನಿಂತು ಮಾತನಾಡಿದರು. ಆ ವರ್ಷ ಗಿರಣಿ ಮಾಲಿಕರು ವಾರದ ರಜೆಯನ್ನು ಒಪ್ಪಿದರು. ಇಂದು ನಾವು ವಾರಕ್ಕೊಂದು ದಿನ ಬೆನ್ನು ನೆಲಕ್ಕೆ ತಾಗಿಸುವುದಿದ್ದರೆ ಆ ಪುಣ್ಯಾತ್ಮರ ಋಣ ಅದರಲ್ಲಿದೆ.

ಆದರೆ ಬಂಧುಗಳೇ, ಲೋಖಂಡೆಯವರು 1897ರ ಪ್ಲೇಗಿನ ಕಾಲದಲ್ಲಿ ತೀರಿಕೊಂಡರು. ಅವರ ಹಿಂದೆಯೇ ಆ ಕಾಮಗಾರರ ಸಂಘವೂ ಕರಗಿಹೋಯಿತು. ಏಕೆ? ಅದಕ್ಕೆ ಸದಸ್ಯರ ಪಟ್ಟಿ ಇರಲಿಲ್ಲ, ನಿಧಿ ಇರಲಿಲ್ಲ, ಬರೆದಿಟ್ಟ ನಿಯಮ ಇರಲಿಲ್ಲ. ಒಬ್ಬ ದೊಡ್ಡ ಮನುಷ್ಯರ ಹೆಗಲ ಮೇಲೆ ಸಾವಿರಾರು ಜನರ ಭಾರ ಇತ್ತು. ಹೆಗಲು ಹೋಯಿತು, ಭಾರ ನೆಲಕ್ಕೆ ಬಿತ್ತು. ಅದಕ್ಕಿಂತ ಅರ್ಧ ಶತಮಾನ ಮೊದಲು ಹುಟ್ಟಿದ ಚೇಂಬರು ಇಂದಿಗೂ ನಡೆಯುತ್ತಿದೆ. ಅದರ ಅಧ್ಯಕ್ಷರು ಎಷ್ಟು ಮಂದಿ ಬಂದರು, ಹೋದರು! ಪಟ್ಟಿ ಉಳಿಯಿತು, ವರ್ಗಣಿ ಉಳಿಯಿತು, ನಿಯಮ ಉಳಿಯಿತು. ಆದ್ದರಿಂದ ಸಂಘವೂ ಉಳಿಯಿತು.

ಲೋಖಂಡೆಯವರನ್ನು ಕಡಿಮೆ ಮಾಡಿ ಹೇಳುವ ಮಾತಲ್ಲ ಇದು. ಹನ್ನೆರಡು ಹದಿನಾಲ್ಕು ಗಂಟೆ ಗಿರಣಿಯಲ್ಲಿ ಬೆಂದವನಿಗೆ ಪಟ್ಟಿ ಬರೆಯಲು ಸಮಯ ಎಲ್ಲಿತ್ತು? ವರ್ಗಣಿ ಕೊಡಲು ಕಾಸು ಎಲ್ಲಿತ್ತು? ಕಾನೂನು ಕೂಡ ದುಡಿಯುವವನ ಕಡೆಗೆ ತಡವಾಗಿಯೇ ತಿರುಗಿತು. ಟ್ರೇಡ್ ಯೂನಿಯನ್ ಕಾಯಿದೆ ಬಂದದ್ದು 1926ರಲ್ಲಿ, ಚೇಂಬರು ಹುಟ್ಟಿ ತೊಂಬತ್ತು ವರ್ಷಗಳ ಮೇಲೆ. ಅದೂ ಬ್ರಿಟಿಷ್ ಸೀಮೆಗೆ ಮಾತ್ರ. ಮೈಸೂರಿನ ವರ್ತಕರಿಗೆ 1916ರಲ್ಲೇ ಚೇಂಬರಿತ್ತು. ಅಲ್ಲಿಯ ಕೆಲಸಗಾರರ ಸಂಘಕ್ಕೆ ಕಾಯಿದೆಯ ಮನ್ನಣೆ ಸಿಗಲು 1940ರ ದಶಕ ಬರಬೇಕಾಯಿತು. 1919ರ ಸುಧಾರಣೆಯ ಮೇಲೆ ಮುಂಬಯಿಯ ಶಾಸನಸಭೆಗೆ ಚೇಂಬರುಗಳು ತಮ್ಮವರನ್ನು ತಾವೇ ಆರಿಸಿ ಕಳುಹಿಸುತ್ತಿದ್ದವು. ದುಡಿಯುವವರ ಪರವಾಗಿ ದಿಲ್ಲಿಯ ಸಭೆಯಲ್ಲಿ ಕುಳಿತ ಎನ್. ಎಂ. ಜೋಶಿಯವರು ಸರಕಾರ ನೇಮಿಸಿದ ಸದಸ್ಯರು. ಅವರು ಒಳ್ಳೆಯವರೇ, ನಮಗಾಗಿ ಬಹಳ ದುಡಿದವರೇ. ಆದರೆ ನಾವೇ ಆರಿಸಿದವನಿಗೂ ಇತರರು ನೇಮಿಸಿದವನಿಗೂ ಭೇದವಿಲ್ಲವೇ?

ಇನ್ನು ಇಂದಿನ ಮಾತು. 1948ರ ಕನಿಷ್ಠ ವೇತನ ಕಾಯಿದೆ ಒಂದು ದೊಡ್ಡ ಬಾಗಿಲು ತೆರೆಯಿತು. ಪಗಾರ ಗೊತ್ತುಮಾಡುವ ಸಮಿತಿಯಲ್ಲಿ ಮಾಲಿಕರ ಪ್ರತಿನಿಧಿಗಳು ಎಷ್ಟೋ ಕೆಲಸಗಾರರ ಪ್ರತಿನಿಧಿಗಳೂ ಅಷ್ಟೇ ಇರಬೇಕೆಂದಿತು. ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯಲ್ಲೂ ಈ ಸಮಸಂಖ್ಯೆಯ ಏರ್ಪಾಟಿದೆ. ಕುರ್ಚಿ ಸರಿಸಮ. ಆದರೆ ಆ ಕುರ್ಚಿಗೆ ಹೋಗುವಾಗ ಕೈಯಲ್ಲಿ ಏನಿರುತ್ತದೆ? ಮಾಲಿಕರ ಕಡೆಯವರು ಬಾಡಿಗೆ ಇಷ್ಟು, ಲೈಸೆನ್ಸಿಗೆ ಇಷ್ಟು, ಗ್ಯಾಸಿಗೆ ಇಷ್ಟು, ತರಕಾರಿಗೆ ಇಷ್ಟು ಎಂದು ಕಾಗದ ಹರಡುತ್ತಾರೆ. ಅದು ತಪ್ಪಲ್ಲ, ಅವರ ಸಂಘ ಅದಕ್ಕೇ ಇದೆ. ಮುಂಬಯಿಯ ಹೋಟೆಲು ಧಣಿಗಳಿಗೂ 'ಆಹಾರ್' ಎಂಬ ಸಂಘವಿದೆಯಲ್ಲ. ಅದರಲ್ಲಿ ನಮ್ಮ ಊರಿನವರೇ ಅನೇಕರು ಇದ್ದಾರೆ, ಕಪ್ಪುಬಸಿ ತೊಳೆದು ಮೇಲೆ ಬಂದವರೂ ಇದ್ದಾರೆ. ಅವರಿಂದ ಈ ಶಿಸ್ತನ್ನು ಕಲಿತರೆ ನಮಗೇನೂ ಅವಮಾನವಿಲ್ಲ.

ನಮ್ಮ ಕಡೆಯವರು ಹರಡಲು ಏನಿದೆ? "ಕಷ್ಟ ಸ್ವಾಮಿ, ಬಹಳ ಕಷ್ಟ" ಎಂಬ ಮಾತು ಒಂದೇ. ಕಷ್ಟ ನಿಜ. ಆದರೆ ಸಮಿತಿ ಕೇಳುವುದು ಲೆಕ್ಕ. ಎಷ್ಟು ಹೊತ್ತಿಗೆ ಒಲೆ ಹೊತ್ತಿಸಿದಿರಿ? ಎಷ್ಟು ಹೊತ್ತಿಗೆ ಶಟರ್ ಎಳೆದಿರಿ? ನಡುವೆ ಬಿಡುವು ಎಷ್ಟು? ಕೈಗೆ ಬಂದ ಪಗಾರ ಎಷ್ಟು, ಊಟದ್ದೆಂದು ಕಳೆದದ್ದು ಎಷ್ಟು? ಪ್ರಾವಿಡೆಂಟ್ ಫಂಡು ಕಟ್ಟಿದ್ದಾರೆಯೇ? ಇದಕ್ಕೆ ಉತ್ತರ ಬಾಯಲ್ಲಿ ಹೇಳಿದರೆ ಸಾಲದು.

ನಾವು ಸಪ್ಲಾಯರ್ ಆಗಿದ್ದ ಒಂದು ಹೋಟೆಲಿನಲ್ಲಿ, ಹೆಸರು ಬೇಡ, ಒಬ್ಬ ಹಿರಿಯ ಭಟ್ಟರು ವರ್ಷಾನುಗಟ್ಟಲೆ ಒಲೆಯ ಮುಂದೆ ನಿಂತರು. ಮೊಣಕಾಲು ಸೋತು ಊರಿಗೆ ಹೊರಟಾಗ ಸೇವೆಯ ಹಣ ಕೇಳಿದರು. "ನೀವು ಮಳೆಗಾಲಕ್ಕೆ ಊರಿಗೆ ಹೋಗಿ ಬಂದವರು, ಪ್ರತಿಸಲ ಹೊಸದಾಗಿ ಸೇರಿದ್ದು" ಎಂದರು ಗಲ್ಲದಲ್ಲಿದ್ದವರು. ಭಟ್ಟರ ಬಳಿ ಒಂದು ಚೀಟಿಯೂ ಇರಲಿಲ್ಲ. ದೋಸೆಯ ಹಿಟ್ಟಿನ ಅಳತೆ ಅವರಿಗೆ ಕಣ್ಣುಮುಚ್ಚಿ ಗೊತ್ತಿತ್ತು. ತಮ್ಮ ವರ್ಷಗಳ ಅಳತೆ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಒಂದು ಶಾಲು ಹೊದೆಸಿ ಕಳುಹಿಸಿದರು. ಹತ್ತಿಯ ಮೂಟೆಯನ್ನು ಅಳೆದು ಚೀಟಿ ಕೊಡುವ ಜನ 19ನೆಯ ಶತಮಾನದಲ್ಲೇ ಈ ಊರಿನಲ್ಲಿದ್ದರು. ಮನುಷ್ಯನ ದುಡಿಮೆಯನ್ನು ಅಳೆದು ಬರೆದಿಡಲು 21ನೆಯ ಶತಮಾನದಲ್ಲೂ ಜನವಿಲ್ಲವೆಂದರೆ ಆ ಕೆಲಸ ನಮ್ಮ ಸಂಘದ್ದಲ್ಲದೆ ಇನ್ನಾರದು?

ಗಿರಣಿಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1982ರ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಹೊರಗೆ ಬಂದರು. ಬಳಿಕ ಒಂದೊಂದೇ ಗಿರಣಿ ಮುಚ್ಚಿತು. ಬಾಕಿಗಾಗಿ, ಗಿರಣಿಯ ಜಾಗದಲ್ಲಿ ಮನೆಗಾಗಿ ಅರ್ಜಿ ಹಾಕುವ ದಿನ ಬಂದಾಗ ಹಳೆಯ ಟಿಕೀಟು, ಪಗಾರದ ಚೀಟಿ ಜೋಪಾನವಾಗಿಟ್ಟವನು ಧೈರ್ಯವಾಗಿ ಸಾಲಿನಲ್ಲಿ ನಿಂತ. ಚಾಳಿನ ಮಳೆಗಾಲದಲ್ಲಿ ಕಾಗದ ಕಳೆದುಕೊಂಡವನು ಸಾಕ್ಷಿ ಹುಡುಕುತ್ತ ಅಲೆದ.

ಆದ್ದರಿಂದ ನಮ್ಮ ಬಿನ್ನಹ ಮೂರೇ ಮೂರು.

ಒಂದನೆಯದು, ಪಟ್ಟಿ. ಪ್ರತಿ ಖೋಲಿಗೆ ಒಬ್ಬರಂತೆ ಹೊಣೆ ಹೊತ್ತು, ಯಾರು ಯಾವ ಕೆಲಸದಲ್ಲಿ ಎಂದಿನಿಂದ ಇದ್ದಾರೆಂದು ಬರೆದು ಸಂಘಕ್ಕೆ ಕೊಡಬೇಕು. ಕ್ಲೀನರ್ ಹುಡುಗನ ಹೆಸರೂ ಬಿಡಬಾರದು. ಹೊರನಾಡಿನಿಂದ ಬಂದ ಬೇರೆ ಭಾಷೆಯ ಹುಡುಗರ ಹೆಸರೂ ಇರಲಿ. ಒಂದೇ ಮೋರಿಯಲ್ಲಿ ಕೈ ಅದ್ದುವವರಿಗೆ ಬೇರೆ ಬೇರೆ ಪಟ್ಟಿ ಬೇಡ.

ಎರಡನೆಯದು, ವರ್ಗಣಿ. ಒಂದು ತಿಂಗಳು ಉತ್ಸಾಹದಿಂದ ಕೊಟ್ಟು ಆರು ತಿಂಗಳು ಮರೆಯುವುದು ಬೇಡ. ಎರಡು ಕಪ್ ಚಹದ ಹಣವಾದರೂ ಸರಿ, ತಿಂಗಳು ತಪ್ಪದೆ ಬರಲಿ, ರಸೀದಿ ಕೇಳಿ ಪಡೆಯಿರಿ. ರಸೀದಿ ಕೇಳುವುದು ಅನುಮಾನವಲ್ಲ, ಹಕ್ಕು. ಊರಿಗೆ ಹೋಗುವಾಗ ಮುಂದಿನ ತಿಂಗಳುಗಳದ್ದನ್ನು ಕೊಟ್ಟು ಹೋಗಿ.

ಮೂರನೆಯದು, ಪುಸ್ತಕ. ಪ್ರತಿಯೊಬ್ಬರೂ ಒಂದು ಚಿಕ್ಕ ನೋಟುಬುಕ್ಕು ಇಡಬೇಕು. ದಿನದ ಗಂಟೆ, ತಿಂಗಳ ಪಗಾರ, ರಜೆಯ ದಿನ ಇಷ್ಟು ಬರೆದರೆ ಸಾಕು. ಬರೆಯಲು ಬಾರದವರು ಸಂಜೆ ಸಂಘದ ಕೋಣೆಗೆ ಬನ್ನಿ, ಬರೆದುಕೊಡುತ್ತೇವೆ, ಬರೆಯಲೂ ಕಲಿಸುತ್ತೇವೆ. ಮೊಬೈಲಿನಲ್ಲಿ ಬರೆದಿಡುವ ಹುಡುಗರು ಹಾಗೆಯೇ ಮಾಡಲಿ. ಆದರೆ ತಿಂಗಳಿಗೊಮ್ಮೆ ಸಂಘದ ದಫ್ತರಿಗೆ ಅದು ಏರಬೇಕು.

ಇದರಲ್ಲಿ ಧಣಿಗಳ ಮೇಲೆ ಹಗೆ ಇಲ್ಲ. ನ್ಯಾಯವಾಗಿ ಕೊಡುವ ಧಣಿಗೆ ಲೆಕ್ಕದಿಂದ ಭಯವೂ ಇಲ್ಲ. ಅವನ ಒಳ್ಳೆಯತನಕ್ಕೂ ಅದೇ ಸಾಕ್ಷಿ. ನಾಳೆ ಪಗಾರದ ಸಮಿತಿಗೆ ನಮ್ಮವರೊಬ್ಬರು ಹೋಗುವ ದಿನ ಬಂದರೆ ಬರಿಗೈಯಲ್ಲಿ ಹೋಗಬಾರದು. ವಡಾಲದ ಇಷ್ಟು ಹೋಟೆಲು, ಇಷ್ಟು ಜನ, ಇಷ್ಟು ಗಂಟೆ, ಇಷ್ಟು ಪಗಾರ ಎಂಬ ದಫ್ತರವನ್ನು ಕಂಕುಳಲ್ಲಿಟ್ಟುಕೊಂಡು ಹೋಗಬೇಕು.

ಪಟ್ಟಿಯ ಹಾಳೆಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ. ಪ್ರತಿ ಖೋಲಿಗೊಂದರಂತೆ ಒಯ್ಯಿರಿ. ಬರುವ ತಿಂಗಳ ಸಭೆಯೊಳಗೆ ತುಂಬಿ ತರುವ ಹೊಣೆ ನಿಮ್ಮದು, ಒಂದು ಪುಸ್ತಕವಾಗಿ ಹೊಲಿದು ಕಾಪಾಡುವ ಹೊಣೆ ನಮ್ಮದು.