ಅನಂತದ ಲೆಕ್ಕ ತಾಳೆಯಾದ ಬಗೆ



ನಮ್ಮಲ್ಲಿ ಹಲವರು ಹಗಲೆಲ್ಲ ಲೆಕ್ಕ ಬರೆದು ದಣಿದು ಬಂದವರು. ಆದರೂ ಇಂದು ಲೆಕ್ಕದ ಮಾತನ್ನೇ ಎತ್ತಿಕೊಂಡಿದ್ದೇವೆ, ಕ್ಷಮಿಸಬೇಕು.

ಎಲೆಕ್ಟ್ರಾನ್ ಕಣವು ತನ್ನದೇ ವಿದ್ಯುತ್ ಕ್ಷೇತ್ರದಿಂದ ಪಡೆಯುವ ಶಕ್ತಿಯನ್ನು ಗಣಿಸಹೊರಟರೆ ಉತ್ತರ ಅನಂತವೆಂದು ಬರುತ್ತದೆ. 1947ರಲ್ಲಿ ಬೇಥೆ ಎಂಬ ವಿಜ್ಞಾನಿ ನ್ಯೂಯಾರ್ಕಿನಿಂದ ಸ್ಕೆನೆಕ್ಟಡಿಗೆ ಹೋಗುವ ರೈಲಿನಲ್ಲಿ ಕುಳಿತು ಒಂದು ಉಪಾಯ ಹೂಡಿದರು. ಬಿಡಿ ಎಲೆಕ್ಟ್ರಾನಿನ ಲೆಕ್ಕವೂ ಅನಂತ, ಹೈಡ್ರೋಜನ್ನಿನೊಳಗಿನ ಎಲೆಕ್ಟ್ರಾನಿನ ಲೆಕ್ಕವೂ ಅನಂತ. ಎರಡರ ವ್ಯತ್ಯಾಸ ತೆಗೆದು, ತೂಕಕ್ಕೆ ಪ್ರಯೋಗದಲ್ಲಿ ಅಳೆದ ಬೆಲೆಯನ್ನೇ ಇಟ್ಟರು. ಲ್ಯಾಂಬ್ ಅಳೆದಿದ್ದ ಸಣ್ಣ ಅಂತರ ಹೆಚ್ಚುಕಡಿಮೆ ಹಾಗೆಯೇ ಬಂದಿತು! ಈ ಕ್ರಮವನ್ನು ಟೊಮೊನಾಗ, ಶ್ವಿಂಗರ್, ಫೈನ್‌ಮನ್, ಡೈಸನ್ ಇವರು ಪೂರ್ಣಗೊಳಿಸಿದರು. ರಿನಾರ್ಮಲೈಸೇಷನ್ ಎಂದು ಅದರ ಹೆಸರು. ಡಿರಾಕ್ ಮಾತ್ರ ಕೊನೆಯವರೆಗೂ ಇದನ್ನು ಮೆಚ್ಚಲಿಲ್ಲ. ಮೊದಲು ಕೇಳಿದಾಗ ನಮಗೂ ಕೈಚಳಕವೆಂದೇ ತೋರಿತ್ತು.

ತೊಡಕು ಬಂದದ್ದು ಪರಮಾಣುವಿನ ಬೀಜದೊಳಗಿನ ದುರ್ಬಲ ಬಲದಲ್ಲಿ. ಅದನ್ನು ಒಯ್ಯುವ ಕಣಗಳು ಭಾರವಾಗಿರಬೇಕು. ಸಮೀಕರಣಗಳ ಸಮಮಿತಿಯಾದರೋ ಅವಕ್ಕೆ ಭಾರವೇ ಕೂಡದೆನ್ನುತ್ತದೆ. ಭಾರವನ್ನು ಕೈಯಾರೆ ತುರುಕಿದರೆ, ತಾಳೆಯಾಗದ ಮೊತ್ತಕ್ಕೆ ಗುಮಾಸ್ತನೊಬ್ಬ ಸುಳ್ಳು ಅಂಕಿ ಸೇರಿಸಿದಂತೆ: ಪುಟ ತಿರುಗಿಸಿದಷ್ಟೂ ಹೊಸ ಹೊಸ ಅನಂತಗಳು.

ಮೊನೆಯ ಮೇಲೆ ನಿಲ್ಲಿಸಿದ ಪೆನ್ಸಿಲಿಗೆ ಎಲ್ಲ ದಿಕ್ಕೂ ಒಂದೇ. ಕೈ ಬಿಟ್ಟರೆ ಯಾವುದೋ ಒಂದು ಕಡೆಗೆ ಬೀಳುತ್ತದೆ. ಬೀಳಿಸಿದ ನಿಯಮದಲ್ಲಿ ಮಾತ್ರ ಪಕ್ಷಪಾತವಿಲ್ಲ. ಕಣಗಳಿಗೂ ಹೀಗೆಯೇ ಭಾರ ಬರಬಹುದೆಂದು 1964ರಲ್ಲಿ ಬ್ರೌಟ್, ಆಂಗ್ಲೇರ್, ಹಿಗ್ಸ್ ಮುಂತಾದವರು ತೋರಿಸಿದರು. 1967ರಲ್ಲಿ ವೈನ್‌ಬರ್ಗ್ ಇದನ್ನು ದುರ್ಬಲ ಬಲಕ್ಕೆ ಅನ್ವಯಿಸಿ, ಅನಂತಗಳು ಇಲ್ಲಿಯೂ ತೊಲಗಬಹುದೆಂದು ಊಹಿಸಿದರು. ಸಾಧನೆ ಇರಲಿಲ್ಲ. ನಾಲ್ಕು ವರ್ಷ ಆ ಲೇಖನವನ್ನು ಕಣ್ಣೆತ್ತಿ ನೋಡಿದವರು ವಿರಳ.

1971ರಲ್ಲಿ ಹಾಲೆಂಡಿನ ಉಟ್ರೆಕ್ಟ್‌ನಲ್ಲಿ, ಇನ್ನೂ ಡಾಕ್ಟರೇಟ್ ಮುಗಿಸದ ಗೆರಾರ್ಡ್ ಟ್ ಹೋಫ್ಟ್ ಎಂಬ ವಿದ್ಯಾರ್ಥಿ ಅದನ್ನು ಸಾಧಿಸಿದ. ಗುರು ವೆಲ್ಟ್‌ಮನ್ ವರ್ಷಗಟ್ಟಲೆ ಇದೇ ಹಾದಿಯಲ್ಲಿ ಸವೆದವರು. ಪೆನ್ಸಿಲ್ ಬಿದ್ದಮೇಲೂ ಸಮಮಿತಿ ಸಾಯುವುದಿಲ್ಲ, ಮರೆಯಾಗುತ್ತದೆ ಅಷ್ಟೆ. ಆದಕಾರಣ ಒಂದು ಖಾತೆಯ ಅನಂತ ಇನ್ನೊಂದು ಖಾತೆಯದರೊಡನೆ ಹಿಂದಿನಂತೆಯೇ ವಜಾ ಆಗುತ್ತದೆ. ಅಳೆದು ತುಂಬಬೇಕಾದ ಬೆಲೆಗಳು ಬೆರಳೆಣಿಕೆಯವು. ಗುರುಶಿಷ್ಯರಿಬ್ಬರಿಗೂ 1999ರಲ್ಲಿ ನೊಬೆಲ್ ಬಂದಿತು.

ಕಳೆದುಳಿದ ಚಿಲ್ಲರೆ ಅಂಕಿಗಳನ್ನು ಹಗುರವಾಗಿ ಕಾಣಬಾರದು. 1983ರಲ್ಲಿ ಜಿನೀವಾದ ಬಳಿ ಆ ಭಾರವಾದ ವಾಹಕ ಕಣಗಳು ದೊರೆತವು. ಮುಂದೆ ಅವುಗಳ ಅಳತೆಯಲ್ಲಿನ ಚಿಲ್ಲರೆಯನ್ನು ನೋಡಿಯೇ, ಇನ್ನೂ ಕಾಣದ ಟಾಪ್ ಕ್ವಾರ್ಕಿನ ಭಾರ ಎಷ್ಟಿದ್ದೀತೆಂದು ಅಂದಾಜು ಕಟ್ಟಿದರು. 1995ರಲ್ಲಿ ಅಮೆರಿಕದ ಫರ್ಮಿಲ್ಯಾಬಿನಲ್ಲಿ ಅದು ಸಿಕ್ಕಿದಾಗ ಭಾರ ಆ ಅಂದಾಜಿನೊಳಗೇ ಇತ್ತು.