ಹುಳುಮನೆಯ ಶುದ್ಧಿಯೂ ದ್ರಾವಣಗಳ ಗುಣವೂ
(ಬಿಡದಿಯ ರೈತರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಯಾವ ಪದಾರ್ಥವು ಎಷ್ಟು ಉಷ್ಣದಲ್ಲಿ ಕರಗುವುದು, ನೀರಿನಲ್ಲಿ ಎಷ್ಟು ಬೆರೆಯುವುದು, ಎಷ್ಟು ಬೇಗ ಆವಿಯಾಗುವುದು ಎಂಬ ವಿಚಾರವು ಇಲ್ಲಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯವರಿಗೆ ಮಾತ್ರ ಸೇರಿದುದೆಂದು ತಮ್ಮಲ್ಲಿ ಕೆಲವರು ಭಾವಿಸಿರಬಹುದು. ರೇಷ್ಮೆಹುಳುವನ್ನು ಸಾಕುವವರಿಗೂ ಅದು ಅಷ್ಟೇ ಅವಶ್ಯಕವಾದುದು. ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು, ಗಂಟು ಎಂಬ ರೋಗಗಳ ಬೀಜವು ಹಿಂದಿನ ಬೆಳೆಯ ಧೂಳಿನಲ್ಲಿಯೂ ತಟ್ಟೆ ಚಂದ್ರಿಕೆಗಳಲ್ಲಿಯೂ ಅಡಗಿರುವುದು. ಮದ್ದು ಸಿಂಪಡಿಸಿದ ಮೇಲೂ ಹುಳು ಸತ್ತರೆ ಮೊಟ್ಟೆಯನ್ನು ದೂರುವುದು ರೂಢಿ. ಮದ್ದಿನಲ್ಲಿ ಸತ್ವವಿದ್ದಿತೇ ಎಂಬುದನ್ನೂ ವಿಚಾರಿಸತಕ್ಕದ್ದು.

ಮೊದಲನೆಯದು ಬ್ಲೀಚಿಂಗ್ ಪುಡಿ. ಇದರ ಬಲವೆಲ್ಲ ಅದರಲ್ಲಿರುವ ಕ್ಲೋರಿನ್ನಿನಿಂದ. ಉತ್ತಮ ಪುಡಿಯಲ್ಲಿ ಅದು ಶೇಕಡಾ 30ರಷ್ಟಿರುವುದು. ಚೀಲವನ್ನು ತೆರೆದಿಟ್ಟರೆ ಪುಡಿಯು ಗಾಳಿಯ ತೇವವನ್ನು ಹೀರಿ, ಗಂಟುಗಟ್ಟಿ, ಕ್ಲೋರಿನ್ನನ್ನು ಕಳೆದುಕೊಳ್ಳುವುದು. ಘಾಟು ಅಡಗಿದ ಪುಡಿಯನ್ನು ನಂಬಲಾಗದು.

ಹತ್ತು ಲೀಟರ್ ನೀರಿಗೆ 200 ಗ್ರಾಂ ಬ್ಲೀಚಿಂಗ್ ಪುಡಿ, 30 ಗ್ರಾಂ ಅರಳಿದ ಸುಣ್ಣ ಸರಿಯಾದ ಪ್ರಮಾಣ. ಬಿಸಿನೀರಾದರೆ ಚೆನ್ನಾಗಿ ಕರಗೀತೆಂದು ಕೆಲವರು ನೀರು ಕಾಯಿಸುವುದುಂಟು, ಇದು ಕೂಡದು. ಬೆಲ್ಲವು ಬಿಸಿನೀರಿನಲ್ಲಿ ಹೆಚ್ಚು ಕರಗುವುದು ನಿಜ. ಸುಣ್ಣದ ಸ್ವಭಾವ ಇದಕ್ಕೆ ವಿರುದ್ಧವಾದುದು. ಒಂದು ಲೀಟರ್ ತಣ್ಣೀರಿನಲ್ಲಿ ಸುಮಾರು 1.7 ಗ್ರಾಂ ಸುಣ್ಣ ಕರಗುವುದು. ಕುದಿಯುವ ನೀರಿನಲ್ಲಿ ಅದರ ಅರ್ಧದಷ್ಟೂ ಕರಗದು. ಉಷ್ಣದಿಂದ ಕ್ಲೋರಿನ್ನೂ ನಷ್ಟವಾಗುವುದು. ಆದುದರಿಂದ ಪುಡಿಯನ್ನೂ ಸುಣ್ಣವನ್ನೂ ಸ್ವಲ್ಪ ತಣ್ಣೀರಿನಲ್ಲಿ ಕಲಸಿ, ಉಳಿದ ನೀರು ಸೇರಿಸಿ, ಹತ್ತು ನಿಮಿಷ ಬಿಟ್ಟು, ತಿಳಿಯನ್ನು ಶೋಧಿಸಿ, ಕೂಡಲೇ ಉಪಯೋಗಿಸತಕ್ಕದ್ದು. ತಳದಲ್ಲಿ ಬಿಳಿಯ ಗಸಿ ನಿಂತರೆ ಮದ್ದು ಕೆಟ್ಟಿತೆಂದು ಹೆದರಬೇಕಾಗಿಲ್ಲ; ಸುಣ್ಣವು ಪೂರ್ತಿಯಾಗಿ ಕರಗತಕ್ಕ ವಸ್ತುವಲ್ಲ.

ಈ ದ್ರಾವಣವು ಒದ್ದೆಯಾಗಿರುವಾಗ ಮಾತ್ರ ಕೆಲಸಮಾಡುವುದು. ಗೋಡೆ, ನೆಲ, ಸಾಮಾನುಗಳು ಅರ್ಧ ಘಂಟೆಯಾದರೂ ತೊಯ್ದಿರಬೇಕು. ಕಸ ಹಿಕ್ಕೆಗಳು ಕ್ಲೋರಿನ್ನನ್ನು ವ್ಯರ್ಥವಾಗಿ ನುಂಗುವುದರಿಂದ ಮೊದಲು ಗುಡಿಸಿ ತೊಳೆಯುವುದು ಅವಶ್ಯ.

ಎರಡನೆಯದು ಫಾರ್ಮಾಲಿನ್. ಇದು ಅನಿಲವೊಂದನ್ನು ನೀರಿನಲ್ಲಿ ಹಿಡಿದಿಟ್ಟ ದ್ರಾವಣ. ಹವೆಯು 25 ಡಿಗ್ರಿ ಸೆಂಟಿಗ್ರೇಡಿಗೆ ಮೇಲ್ಪಟ್ಟಿದ್ದು, ಮನೆಯು ಗಾಳಿಯಾಡದಂತೆ ಒಂದು ಹಗಲು ಒಂದು ರಾತ್ರಿ ಮುಚ್ಚಿದ್ದರೆ ಮಾತ್ರ ಅದರಿಂದ ಪೂರ್ಣ ಫಲ. ಮಾಗಡಿ, ಕನಕಪುರಗಳ ಪುಷ್ಯಮಾಸದ ಮುಂಜಾವಿನ ಚಳಿಯಲ್ಲಿ ಸಿಂಪಡಿಸಿದರೆ ಹಣ ದಂಡ. ಚಳಿಯಲ್ಲಿಟ್ಟ ಸೀಸೆಯಲ್ಲಿ ಬಿಳಿಯ ಗಷ್ಟು ಕೂತರೆ ಮೇಲಿನ ತಿಳಿಯ ಬಲ ಕುಂದಿತೆಂದು ತಿಳಿಯಬೇಕು. ಸುಣ್ಣದ ಗಸಿ ನಿರುಪದ್ರವಿ, ಇದರ ಗಸಿ ನಷ್ಟದ ಗುರುತು: ಈ ಭೇದವನ್ನು ಮರೆಯಬಾರದು. ಫಾರ್ಮಾಲಿನ್ ಆವಿಯು ಕಣ್ಣು ಶ್ವಾಸಕೋಶಗಳಿಗೆ ಹಾನಿಕರ, ಅರ್ಬುದಕ್ಕೂ ಕಾರಣ. ಆದುದರಿಂದ ತಕ್ಕ ಮುಖಕವಚವಿಲ್ಲದೆ ಅದನ್ನು ಮುಟ್ಟಕೂಡದು. ಬ್ಲೀಚಿಂಗ್ ಪುಡಿಗೆ ಆಮ್ಲವನ್ನು ಎಂದಿಗೂ ಸೇರಿಸಬಾರದು, ವಿಷಾನಿಲ ಹೊರಡುವುದು.

ಕಡೆಯದಾಗಿ ಮುಖಂಡರಲ್ಲಿ ಒಂದು ವಿಜ್ಞಾಪನೆ. ಒಂದು ಮನೆ ಶುದ್ಧಿಯಾಗಿ ಪಕ್ಕದ ಮನೆ ಹಾಗೆಯೇ ಉಳಿದರೆ ರೋಗವು ಮರಳಿ ಬರುವುದು. ಬೆಳೆಬೆಳೆಗೂ ಊರಿನ ಹುಳುಮನೆಗಳೆಲ್ಲ ಒಂದೇ ವಾರದಲ್ಲಿ ಶುದ್ಧಿಯಾಗುವಂತೆ ತಾವು ಏರ್ಪಡಿಸಿದರೆ, ರಾಮನಗರದ ಮಾರುಕಟ್ಟೆಗೆ ಹೋಗುವ ಗೂಡಿನ ಗಾಡಿ ಬರಿದಾಗದು.