ಗುಟ್ಟು ಕಾಯುವ ಬಾಗಿಲು

ಬಸಿರು ತೆಗೆಸುವ ಮಾತನ್ನು ನಮ್ಮ ಸೀಮೆಯಲ್ಲಿ ಇಂದಿಗೂ ದನಿ ತಗ್ಗಿಸಿಯೇ ಆಡುತ್ತಾರೆ. ಆ ಅಂಜಿಕೆಯೇ ಎಷ್ಟೋ ಹೆಣ್ಣುಮಕ್ಕಳನ್ನು ಕದ್ದುಮುಚ್ಚಿ ಮಾಡುವವರ ಕೈಗೆ ಒಪ್ಪಿಸಿದೆ. ಅವರ ಜೀವ ಉಳಿಯಲು ಕಾನೂನೊಂದೇ ಸಾಲದು. ಲಾಭ ನೋಡದ, ಗುಟ್ಟು ಬಿಡದ ಕ್ಲಿನಿಕ್ ಬೇಕು. ಚರಿತ್ರೆ ಹೇಳುವುದೂ ಇದನ್ನೇ.

1930ರ ಜೂನ್ 11ರಂದು ಮೈಸೂರು ಸರ್ಕಾರ ತನ್ನ ದೊಡ್ಡ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶಿಸಿತು. ಸರ್ಕಾರವೊಂದು ಇದಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಮೊದಲೆಂದು ಹೆಸರಾಯಿತು. ಆದರೆ ನಮ್ಮ ಚಿತ್ತವಾಡ್ಗಿ, ಹೊಸಪೇಟೆ, ಕಂಪ್ಲಿ ಆಗ ಮದ್ರಾಸ್ ಪ್ರಾಂತ್ಯದವು. ಸಂಡೂರು ಬೇರೆಯೇ ಸಂಸ್ಥಾನ. ಆ ಆದೇಶ ನಮ್ಮ ಕಡೆಗೆ ಬರಲೇ ಇಲ್ಲ. ಮೈಸೂರಿನಲ್ಲೂ ಸಿಕ್ಕಿದ್ದು ಬಸಿರು ತಡೆಯುವ ಸಲಹೆ ಮಾತ್ರ. ನಿಂತ ಬಸಿರನ್ನು ತೆಗೆಸಿದರೆ, ತಾಯಿಯ ಜೀವ ಉಳಿಸಲಿಕ್ಕಲ್ಲದಿದ್ದರೆ, 1860ರ ದಂಡಸಂಹಿತೆಯಂತೆ ಅವಳಿಗೂ ಜೈಲು.

1949ರಲ್ಲಿ ಮುಂಬಯಿಯಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘ ಹುಟ್ಟಿತು. ಅದನ್ನು ಕಟ್ಟಿದ ಧನವಂತಿ ರಾಮರಾವ್ ನಮ್ಮ ಹುಬ್ಬಳ್ಳಿಯಲ್ಲಿ ಹುಟ್ಟಿದವರು; ಜೊತೆಗಿದ್ದವರು ಆವಾಬಾಯಿ ವಾಡಿಯಾ. ಲಾಭಕ್ಕಾಗಿ ನಡೆಯದ ಈ ಸಂಘದ ಶಾಖೆಗಳು ಬೆಂಗಳೂರು, ಧಾರವಾಡದವರೆಗೂ ಬಂದವು. 1966ರಲ್ಲಿ ಶಾಂತಿಲಾಲ್ ಷಾ ಸಮಿತಿ ವರದಿ ಕೊಟ್ಟಿತು: ದೇಶದಲ್ಲಿ ವರ್ಷಕ್ಕೆ ಸುಮಾರು 39 ಲಕ್ಷ ಗರ್ಭಪಾತಗಳನ್ನು ಬೇಕೆಂದೇ ಮಾಡಿಸಲಾಗುತ್ತಿದೆ ಎಂಬುದು ಅದರ ಅಂದಾಜು. ನೂರು ವರ್ಷಗಳಿಂದ ಇದ್ದ ಜೈಲಿನ ಭಯ ಯಾರನ್ನೂ ತಡೆದಿರಲಿಲ್ಲ, ಸುರಕ್ಷತೆಯನ್ನಷ್ಟೇ ಕಸಿದಿತ್ತು. ಗರ್ಭಪಾತಕ್ಕೆ ಅವಕಾಶ ಕೊಟ್ಟ 1971ರ ಕಾಯ್ದೆ 1972ರ ಏಪ್ರಿಲ್‌ನಲ್ಲಿ ಜಾರಿಯಾದ ಮೇಲೆ ಸಂಘದ ಕ್ಲಿನಿಕ್‌ಗಳಲ್ಲಿ ಈ ಸೇವೆಯೂ ಸೇರಿತು.

ಇಂಥ ಕ್ಲಿನಿಕ್ ಇದ್ದರೆ ಹೆಣ್ಣುಭ್ರೂಣ ಹತ್ಯೆ ಹೆಚ್ಚುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆತಂಕ ನಿಜವಾದದ್ದೇ. ಆದರೆ ಆ ಪಾಪ ಶುರುವಾಗುವುದು ಲಿಂಗ ಪತ್ತೆಯಿಂದ, ಅದನ್ನು ತಡೆಯಲೆಂದೇ 1994ರ ಕಾಯ್ದೆ ಇದೆ. ಲಿಂಗ ಪತ್ತೆಯ ದಂಧೆ ನಡೆಯುವುದು ಹಣದಾಸೆಗೆ. ರಿಜಿಸ್ಟರ್ ಇಟ್ಟು, ಲಾಭದ ಹಂಗಿಲ್ಲದೆ ನಡೆಯುವ ಕಡೆ ಅದಕ್ಕೆ ಎಡೆ ಕಡಿಮೆ. ಗರ್ಭನಿರೋಧಕಗಳಿರುವಾಗ ಇದೇಕೆ ಎನ್ನುವವರಿಗೂ ಉತ್ತರವಿದೆ. ಯಾವ ಸಾಧನವೂ ನೂರಕ್ಕೆ ನೂರು ನಂಬಿಕೆಯದಲ್ಲ. ಹಾಗಾಗಿಯೇ ಸಾಧನ ಸೋತು ನಿಂತ ಬಸಿರನ್ನೂ ಕಾನೂನು ಒಪ್ಪಿದೆ. 2021ರ ತಿದ್ದುಪಡಿ ಇದನ್ನು ಮದುವೆಯಾಗದವರಿಗೂ ವಿಸ್ತರಿಸಿತು. ಬಸಿರು ತೆಗೆಸಿಕೊಂಡವಳ ಗುಟ್ಟು ಬಯಲು ಮಾಡಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲಾಗಬಹುದು.

ನಿಮ್ಮ ಮನೆಯ, ಓಣಿಯ ಹೆಣ್ಣುಮಕ್ಕಳಿಗೆ ಇಷ್ಟನ್ನಾದರೂ ತಿಳಿಸಿ: ಒಪ್ಪಿಗೆಗೆ ಹದಿನೆಂಟು ತುಂಬಿದವಳ ಸಹಿಯೊಂದೇ ಸಾಕು, ಗಂಡನದ್ದಾಗಲಿ ಅತ್ತೆಯದ್ದಾಗಲಿ ಬೇಕಿಲ್ಲ.